ಹಾಲುಹಲ್ಲಿನಿಂದಲೇ ಆರಂಭ: ಮಕ್ಕಳಿಗೆ ದಂತರಕ್ಷಣೆಯ ಪಾಠ

"ಹಾಲುಹಲ್ಲು ತಾನೆ, ಹೇಗಿದ್ದರೂ ಬಿದ್ದುಹೋಗುವಂಥದ್ದು" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಮಗುವಿನ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಾಣಿಸಿದಾಗ ಹಿರಿಯರು ಈ ಮಾತಿನಿಂದಲೇ ಸಮಾಧಾನ ಪಟ್ಟುಕೊಳ್ಳುತ್ತಾರೆ. ಕೆಲವು ತಿಂಗಳುಗಳ ಅನಂತರ ಮಗು ಒಂದೇ ಬದಿಯಲ್ಲಿ ಅಗಿಯತೊಡಗುತ್ತದೆ. ರೊಟ್ಟಿ, ಚಪಾತಿಗಳನ್ನು ಬದಿಗೆ ಸರಿಸಿ ಮೆತ್ತಗಿನ ತಿನಿಸನ್ನೇ ಕೇಳುತ್ತದೆ. ಒಂದು ನಡುರಾತ್ರಿ ಕೆನ್ನೆ ಊದಿಕೊಂಡು ಅಳುತ್ತ ಎಚ್ಚರಗೊಳ್ಳುತ್ತದೆ. ಆಗ ಮನೆಯವರೆಲ್ಲ ಲವಂಗಕ್ಕಾಗಿ ತಡಕಾಡುತ್ತಾರೆ, ಬೆಳಗಾಗುವುದನ್ನೇ ಕಾಯುತ್ತಾರೆ. ಅಂತಹ ರಾತ್ರಿಯನ್ನು ತಪ್ಪಿಸುವ ಉಪಾಯ ದುಬಾರಿಯದಲ್ಲ. ಅದು ದಿನಕ್ಕೆ ನಾಲ್ಕು ನಿಮಿಷಗಳ ಒಂದು ಅಭ್ಯಾಸ; ಅದನ್ನು ಕಲಿಸಬೇಕಾದ ಮೊದಲ ಶಿಕ್ಷಕರು ಮನೆಯವರು.

ಇದು ಬೆರಳೆಣಿಕೆಯ ಮಕ್ಕಳ ಸಮಸ್ಯೆಯಲ್ಲ. 2002–03ರಲ್ಲಿ ಅಂದಿನ ಭಾರತೀಯ ದಂತವೈದ್ಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಪರೀಕ್ಷಿಸಲಾದ 5 ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಂತಕ್ಷಯವಿದ್ದುದು ಕಂಡುಬಂದಿತು. ಈ ರೋಗವನ್ನು ಬಹುಮಟ್ಟಿಗೆ ತಡೆಗಟ್ಟಬಹುದು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಹಾಲುಹಲ್ಲುಗಳ ಮಹತ್ವ

ಮಗುವಿಗೆ ಸಾಮಾನ್ಯವಾಗಿ 6ನೆಯ ತಿಂಗಳ ಸುಮಾರಿಗೆ ಮೊದಲ ಹಲ್ಲು ಮೂಡುತ್ತದೆ. ಎರಡೂವರೆಯಿಂದ ಮೂರು ವರ್ಷದೊಳಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ. ಇವುಗಳ ಕೆಲಸ ಅಗಿಯುವುದಷ್ಟೇ ಅಲ್ಲ. ಕನ್ನಡ ವರ್ಣಮಾಲೆಯ ತ, ಥ, ದ, ಧ, ನ ಅಕ್ಷರಗಳನ್ನು ದಂತ್ಯಗಳೆಂದು ಕರೆಯುವುದು, ಅವುಗಳ ಉಚ್ಚಾರಣೆಯಲ್ಲಿ ನಾಲಿಗೆಯು ಹಲ್ಲನ್ನು ತಾಗುವುದರಿಂದ. ಮಾತು ಕಲಿಯುವ ಮಗುವಿಗೆ ಮುಂದಿನ ಹಲ್ಲುಗಳು ಅಷ್ಟು ಅಗತ್ಯ. ಇದಲ್ಲದೆ, ಪ್ರತಿಯೊಂದು ಹಾಲುಹಲ್ಲು ತನ್ನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾದಿಡುತ್ತದೆ. ಹಿಂದಿನ ದವಡೆಯ ಹಾಲುಹಲ್ಲುಗಳು ಬೀಳುವುದು 10ರಿಂದ 12 ವರ್ಷಗಳ ನಡುವೆ. ಅವು ಹುಳುಕಾಗಿ ಐದಾರು ವರ್ಷಕ್ಕೇ ಹೋದರೆ, ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿಕೊಂಡು, ಮುಂದೆ ಬರುವ ಹಲ್ಲು ಸೊಟ್ಟಗೆ ಮೂಡಬಹುದು.

ಮತ್ತೊಂದು ಸಂಗತಿ ಬಹಳಷ್ಟು ಪಾಲಕರಿಗೆ ತಿಳಿದಿರುವುದಿಲ್ಲ. ಆರು ವರ್ಷದ ಸುಮಾರಿಗೆ ಮುಂದಿನ ಹಾಲುಹಲ್ಲು ಅಲುಗಾಡಿ ಬಿದ್ದಾಗ ಮನೆಯಲ್ಲಿ ಸಂಭ್ರಮವೇ ಉಂಟಾಗುತ್ತದೆ. ಊರುಗಳಲ್ಲಿ ಅದನ್ನು ಸೆಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ರೂಢಿಯಿತ್ತು. ಅದೇ ಕಾಲಕ್ಕೆ, ಎಲ್ಲ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ಹೊಸ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಅದು ಶಾಶ್ವತ ಹಲ್ಲು, ಜೀವನಪರ್ಯಂತ ಉಳಿಯಬೇಕಾದದ್ದು. ಹಾಲುಹಲ್ಲೆಂದೇ ಭಾವಿಸಿ ಅದನ್ನು ಕಡೆಗಣಿಸುವುದರಿಂದ, ಮಕ್ಕಳಲ್ಲಿ ಹೆಚ್ಚಾಗಿ ಹುಳುಕಾಗುವ ಶಾಶ್ವತ ಹಲ್ಲುಗಳಲ್ಲಿ ಅದೇ ಮುಂದಿರುತ್ತದೆ. ಮಗುವಿಗೆ ಆರು ವರ್ಷ ತುಂಬುವ ವೇಳೆಗೆ ಬೆಳಕಿನಲ್ಲಿ ಬಾಯಿ ತೆರೆಸಿ ಹಿಂಬದಿಯನ್ನು ನೋಡುವುದು ಅವಶ್ಯ.

ಹುಳುಕಿಗೆ ಹುಳು ಕಾರಣವಲ್ಲ

"ಹುಳುಕು" ಎಂಬ ಪದದಿಂದಾಗಿ ಹಲ್ಲಿನೊಳಗೆ ಹುಳು ಇರುತ್ತದೆಂಬ ನಂಬಿಕೆ ಹುಟ್ಟಿದೆ. ಹಲ್ಲಿನಿಂದ ಹುಳು ತೆಗೆದು ತೋರಿಸುವವರು ಮಾಡುವುದು ಕೇವಲ ಕೈಚಳಕ. ನಿಜವಾದ ಕಾರಣ ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಹಲ್ಲಿನ ಮೇಲೆ ಸದಾ ಕಟ್ಟಿಕೊಳ್ಳುವ ತೆಳುವಾದ, ಅಂಟಾದ ಪೊರೆಯಲ್ಲಿ ಅವು ವಾಸಿಸುತ್ತವೆ. ಮಗು ಸಿಹಿ ತಿಂದೊಡನೆ ಸಕ್ಕರೆಯ ಅಂಶವನ್ನು ಬಳಸಿಕೊಂಡು ಆಮ್ಲವನ್ನು ಉತ್ಪಾದಿಸುತ್ತವೆ. ಈ ಆಮ್ಲವು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಖನಿಜಾಂಶವನ್ನು ಕರಗಿಸುತ್ತದೆ. ಬಾಯಿಯ ಜೊಲ್ಲುರಸವು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಆಮ್ಲವನ್ನು ಶಮನಗೊಳಿಸಿ, ಕಳೆದುಹೋದ ಖನಿಜಾಂಶವನ್ನು ನಿಧಾನವಾಗಿ ಮರಳಿ ತುಂಬುತ್ತದೆ. ಜೊಲ್ಲುರಸಕ್ಕೆ ಈ ಬಿಡುವು ದೊರೆಯದಿದ್ದಾಗ ಹಲ್ಲು ಸೋಲುತ್ತದೆ. ಮೊದಲು ಸುಣ್ಣದಂತಹ ಬಿಳಿ ಮಚ್ಚೆ, ಅನಂತರ ಕಂದು ಬಣ್ಣ, ಕೊನೆಗೆ ಕುಳಿ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಮಗು ಎಷ್ಟು ಸಿಹಿ ತಿಂದಿತು ಎಂಬುದರ ಜೊತೆಗೆ ಎಷ್ಟು ಸಲ ತಿಂದಿತು ಎಂಬುದೂ ಮುಖ್ಯ. ಊಟದೊಡನೆ ಒಂದು ಹೋಳಿಗೆ ತಿನ್ನುವುದಕ್ಕಿಂತ, ಮಧ್ಯಾಹ್ನದಿಂದ ಸಂಜೆಯವರೆಗೆ ಒಂದೊಂದಾಗಿ ಚಾಕಲೇಟು ಚೀಪುವುದು ಹಲ್ಲಿಗೆ ಹೆಚ್ಚು ಹಾನಿಕರ. ಬೆಲ್ಲ, ಜೇನುತುಪ್ಪ, ಚಿಕ್ಕಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಇವೆಲ್ಲವೂ ಸಕ್ಕರೆಯ ಸಾಲಿಗೇ ಸೇರುತ್ತವೆ. ಸಿಹಿಯನ್ನು ಊಟದ ವೇಳೆಗೆ ಸೀಮಿತಗೊಳಿಸಿ, ನಡುವೆ ಹಣ್ಣು, ಸೌತೆಕಾಯಿ, ಹುರಿದ ಕಡಲೆ, ನೀರು ಮಜ್ಜಿಗೆ ಕೊಡುವುದು ಉತ್ತಮ. ಇಡಿಯ ಕಡಲೆಕಾಳು ಗಂಟಲಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಪುಡಿಮಾಡಿಯೇ ಕೊಡಬೇಕು.

ಬೆಳಗಿನ ಅಭ್ಯಾಸವಿದೆ, ರಾತ್ರಿಯದು ಬೇಕು

ಎದ್ದೊಡನೆ ಹಲ್ಲುಜ್ಜಿದ ಮೇಲೆಯೇ ಕಾಫಿ, ತಿಂಡಿ ಎಂಬ ನಿಯಮ ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದಿದೆ. ಮಕ್ಕಳು ಇದನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತಾರೆ. ಆದರೆ ನಿದ್ರೆಯಲ್ಲಿ ಜೊಲ್ಲುರಸ ಬಹಳ ಕಡಿಮೆಯಾಗುತ್ತದೆ. ಹಲ್ಲಿನ ಕಾವಲುಗಾರ ಮಲಗಿರುವ ಹೊತ್ತು ಅದು. ರಾತ್ರಿ ಬಾಯಿಯಲ್ಲಿ ಉಳಿದ ಸಿಹಿಯು ಬೆಳಗಿನವರೆಗೂ ಹಾನಿ ಮಾಡುತ್ತಿರುತ್ತದೆ. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ರಿಸುವ ಶಿಶುಗಳ ಮೇಲಿನ ಮುಂಭಾಗದ ಹಲ್ಲುಗಳು ಸಾಲಾಗಿ ಹುಳುಕಾಗುವುದು ಇದರಿಂದಲೇ. ಎರಡರಲ್ಲಿ ಒಂದು ಹೊತ್ತು ಹೆಚ್ಚು ಮುಖ್ಯವೆನ್ನುವುದಾದರೆ ಅದು ರಾತ್ರಿಯ ಹೊತ್ತೇ. ಹಲ್ಲುಜ್ಜಿದ ಮೇಲೆ ನೀರಿನ ಹೊರತು ಏನನ್ನೂ ಕೊಡಬಾರದು. ಸಿಹಿಯಾದ ಔಷಧವನ್ನು ಮಲಗುವ ವೇಳೆಯಲ್ಲಿ ಕೊಡಬೇಕಾಗಿದ್ದರೆ, ಹಲ್ಲುಜ್ಜುವ ಮೊದಲೇ ಕೊಡುವುದು ಲೇಸು.

ದೊಡ್ಡ ನಗರಗಳ ಬದುಕಿನಲ್ಲಿ ಇದು ಸುಲಭವಲ್ಲ. ತಂದೆ ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಒಂಬತ್ತಾಗಿರುತ್ತದೆ. ಕೈಯಲ್ಲಿ ಮಗುವಿಗೆಂದು ತಂದ ಚಾಕಲೇಟು. ಅದನ್ನು ತಿಂದು ಮಗು ಹಾಗೆಯೇ ನಿದ್ರೆ ಹೋಗುತ್ತದೆ. ತಂದೆಯ ಪ್ರೀತಿಯಲ್ಲಿ ದೋಷವಿಲ್ಲ, ಹೊತ್ತಿನಲ್ಲಿ ದೋಷವಿದೆ. ಅದೇ ತಂದೆ ಚಾಕಲೇಟನ್ನು ಮರುದಿನದ ಊಟಕ್ಕೆ ತೆಗೆದಿರಿಸಿ, ಮಗುವಿನ ಪಕ್ಕದಲ್ಲಿ ನಿಂತು ತಾನೂ ಹಲ್ಲುಜ್ಜಿದರೆ ಆ ಎರಡು ನಿಮಿಷಗಳೇ ಮಗುವಿಗೆ ಉಡುಗೊರೆಯಾಗುತ್ತವೆ.

ವಯಸ್ಸಿಗೆ ತಕ್ಕ ಕ್ರಮ

ಹಲ್ಲು ಮೂಡುವ ಮೊದಲು: ಹಾಲು ಕುಡಿಸಿದ ಮೇಲೆ ಶುಭ್ರವಾದ ಒದ್ದೆ ಬಟ್ಟೆಯಿಂದ ಒಸಡನ್ನು ಮೃದುವಾಗಿ ಒರೆಸಬೇಕು. ಬಾಯಿಯಲ್ಲಿ ಹಿರಿಯರ ಕೈ ಆಡುವುದು ಮಗುವಿಗೆ ಆಗಲೇ ರೂಢಿಯಾಗುತ್ತದೆ.

ಮೊದಲ ಹಲ್ಲಿನಿಂದ ಮೂರು ವರ್ಷದವರೆಗೆ: ಮೃದು ಎಳೆಗಳ ಚಿಕ್ಕ ಬ್ರಷ್ಷಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಟೂತ್‌ಪೇಸ್ಟು ಹಚ್ಚಿ ಹಿರಿಯರೇ ಉಜ್ಜಬೇಕು.

ಮೂರರಿಂದ ಆರು ವರ್ಷ: ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತುಗಳಲ್ಲಿ ಕಾಣುವಂತೆ ಬ್ರಷ್ಷಿನ ಉದ್ದಕ್ಕೂ ಹಚ್ಚುವ ಅಗತ್ಯವಿಲ್ಲ. ನುಂಗದೆ ಉಗುಳುವುದನ್ನು ಈ ವಯಸ್ಸಿನಲ್ಲಿ ಕಲಿಸಬೇಕು.

ಏಳೆಂಟು ವರ್ಷದವರೆಗೆ: ಮಗು ತಾನೇ ಉಜ್ಜಿಕೊಂಡರೂ ಅನಂತರ ಹಿರಿಯರು ಒಮ್ಮೆ ಉಜ್ಜಬೇಕು. ತನ್ನ ಷೂ ದಾರವನ್ನು ಅಚ್ಚುಕಟ್ಟಾಗಿ ಕಟ್ಟಿಕೊಳ್ಳಲು ಬಾರದ ಕೈಗೆ ಹಿಂದಿನ ಹಲ್ಲುಗಳನ್ನು ಸರಿಯಾಗಿ ತೊಳೆಯಲು ಬರುವುದಿಲ್ಲ.

ಫ್ಲೋರೈಡ್ ಎನಾಮಲನ್ನು ಬಲಪಡಿಸುತ್ತದೆ. ಆದರೆ ಹಲ್ಲು ಬೆಳೆಯುವ ವಯಸ್ಸಿನಲ್ಲಿ ಅತಿಯಾಗಿ ದೇಹಕ್ಕೆ ಸೇರಿದರೆ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆಗಳು ಉಂಟಾಗುತ್ತವೆ. ರಾಯಚೂರು, ಕಲಬುರಗಿ, ಕೋಲಾರ ಜಿಲ್ಲೆಗಳ ಹಾಗೂ ತೆಲಂಗಾಣದ ನಲ್ಗೊಂಡ ಸೀಮೆಯ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಅಂತಹ ಊರಿನಲ್ಲಿ ಬೆಳೆಯುವ ಮಗುವಿಗೆ ಯಾವ ಪೇಸ್ಟು ಸೂಕ್ತವೆಂದು ದಂತವೈದ್ಯರನ್ನು ಕೇಳಿ ತಿಳಿಯಬೇಕು.

ಕಲಿಸುವ ಬಗೆ

ಮಗುವಿನ ಹಿಂದೆ ನಿಂತು, ಅದರ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡು, ಕನ್ನಡಿಯ ಮುಂದೆ ಉಜ್ಜುವುದು ಅನುಕೂಲ. ಸ್ನಾನದ ಮನೆ ಇಕ್ಕಟ್ಟಾಗಿದ್ದರೆ ತೊಡೆಯ ಮೇಲೆ ಮಲಗಿಸಿಕೊಂಡೂ ಉಜ್ಜಬಹುದು. ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ಸುತ್ತುಗಳಲ್ಲಿ ತಿರುಗಿಸಬೇಕು. ಹೊರಬದಿ, ಒಳಬದಿ, ಅಗಿಯುವ ಮೇಲ್ಭಾಗ, ಹೀಗೆ ಒಂದೇ ಕ್ರಮವನ್ನು ದಿನವೂ ಪಾಲಿಸಿದರೆ ಯಾವ ಹಲ್ಲೂ ತಪ್ಪುವುದಿಲ್ಲ. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂದು ಹೆಸರು ಹೇಳುತ್ತ, ಒಂದೆರಡು ಎಣಿಸುತ್ತ ಉಜ್ಜಿದರೆ ಎರಡು ನಿಮಿಷ ಕಳೆದದ್ದೇ ತಿಳಿಯುವುದಿಲ್ಲ. ಪರನಾಡಿನಲ್ಲಿ ಬೆಳೆಯುವ ಮಗುವಿಗೆ ನಾಲ್ಕು ಕನ್ನಡ ಪದಗಳೂ ಬರುತ್ತವೆ.

ಹೊಸ ಅಭ್ಯಾಸವನ್ನು ಈಗಾಗಲೇ ಇರುವ ಅಭ್ಯಾಸಕ್ಕೆ ಕಟ್ಟಿದರೆ ಅದು ನಿಲ್ಲುತ್ತದೆ. ಅಜ್ಜಿ ರಾತ್ರಿ ಕಥೆ ಹೇಳುವ ಮನೆಯಲ್ಲಿ "ಮೊದಲು ಹಲ್ಲು, ಆಮೇಲೆ ಕಥೆ" ಎಂಬ ಒಂದೇ ನಿಯಮ ಸಾಕು. ನಿಯಮದ ಹೊಣೆಯನ್ನು ಅಜ್ಜ ಅಜ್ಜಿಯರಿಗೇ ಒಪ್ಪಿಸಿದರೆ, ಮೊಮ್ಮಕ್ಕಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕಲ್ಲುಸಕ್ಕರೆ ಕೊಡುವ ಅವರ ರೂಢಿಯೂ ತಾನಾಗಿ ಕಡಿಮೆಯಾಗುತ್ತದೆ. ಹಲ್ಲುಜ್ಜಿದ್ದಕ್ಕೆ ಮಿಠಾಯಿಯ ಬಹುಮಾನ ಸಲ್ಲದು. ಗೋಡೆಯ ಕ್ಯಾಲೆಂಡರಿನಲ್ಲಿ ಮಗುವಿನಿಂದಲೇ ಒಂದು ಗುರುತು ಹಾಕಿಸಿದರೆ ಸಾಕು. "ಹಟ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಹಾಕಿಸುತ್ತೇನೆ" ಎಂದು ಹೆದರಿಸುವುದಂತೂ ಕೂಡದು. ಹಾಗೆ ಹೆದರಿದ ಮಗು ಮುಂದೆ ನೋವಾದರೂ ಹೇಳದೆ ಮುಚ್ಚಿಡುತ್ತದೆ.

ಪುಡಿ, ಕಡ್ಡಿ ಮತ್ತು ಮಿಶ್ರಿ

ಇದ್ದಿಲು, ಇಟ್ಟಿಗೆ ಪುಡಿ, ಒರಟು ಹಲ್ಲುಪುಡಿಗಳು ಎನಾಮಲನ್ನು ಸವೆಸುತ್ತವೆ. ಬೇವಿನ ಕಡ್ಡಿ ಹಿರಿಯರಿಗೆ ರೂಢಿಯಾಗಿರಬಹುದು. ಆದರೆ ಎಳೆಯ ಮಕ್ಕಳ ಒಸಡಿಗೆ ಅದು ಗಾಯ ಮಾಡೀತು. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಮಹಾರಾಷ್ಟ್ರದಲ್ಲಿ ಬಳಕೆಯಲ್ಲಿರುವ ಮಿಶ್ರಿ. ಅದು ಹುರಿದು ಪುಡಿ ಮಾಡಿದ ತಂಬಾಕು. ಹಲ್ಲುಜ್ಜುವ ನೆಪದಲ್ಲಿ ಆರಂಭವಾಗಿ ಚಟವಾಗಿ ಬೆಳೆಯುವ ಈ ಪುಡಿ ಬಾಯಿಯ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತದೆ. ಟೂತ್‌ಪೇಸ್ಟು ಹಾಗೂ ಹಲ್ಲುಪುಡಿಗಳಲ್ಲಿ ತಂಬಾಕಿನ ಬಳಕೆಯನ್ನು ಕೇಂದ್ರ ಸರಕಾರವು 1992ರಲ್ಲಿಯೇ ನಿಷೇಧಿಸಿದೆ. ತಾಯಿ ಅಥವಾ ಅಜ್ಜಿಯ ಬೆರಳಿನಿಂದ ಮಗು ಮಿಶ್ರಿಯ ರುಚಿ ನೋಡುವಂತಾಗಬಾರದು.

ದಂತವೈದ್ಯರ ಭೇಟಿ

ಮೊದಲ ಹುಟ್ಟುಹಬ್ಬದ ವೇಳೆಗೆ ಮಗುವನ್ನು ಒಮ್ಮೆ ದಂತವೈದ್ಯರಿಗೆ ತೋರಿಸಿ, ಅನಂತರ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೊಸದಾಗಿ ಬಂದ ದವಡೆ ಹಲ್ಲಿನ ಆಳವಾದ ಗೆರೆಗಳಿಗೆ ರಕ್ಷಣೆಯ ಲೇಪವಾದ ಸೀಲಂಟ್ ಹಚ್ಚಿಸಿದರೆ ಹುಳುಕಿನ ಸಂಭವ ಬಹಳ ತಗ್ಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಆರೋಗ್ಯ ತಪಾಸಣೆಯಲ್ಲಿ ಹಲ್ಲಿನ ತೊಂದರೆಗಳೂ ಸೇರಿವೆ. ಮುಂಬಯಿ, ಚೆನ್ನೈ, ಹೈದರಾಬಾದ್ ನಗರಗಳಲ್ಲಿ ಸರಕಾರಿ ದಂತವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ದೆಹಲಿಯಲ್ಲಿ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆಯಿದೆ.

ಪುಟ್ಟ ಮಗು ನೋವನ್ನು ಹೇಳುವುದು ಮನೆಮಾತಿನಲ್ಲಿ. "ತಣ್ಣಗಿನದು ತಾಗಿದರೆ ಜುಮ್ಮೆನ್ನುತ್ತದೆ" ಎನ್ನುವುದಕ್ಕೂ "ರಾತ್ರಿ ಸುಮ್ಮನಿದ್ದರೂ ಸಿಡಿಯುತ್ತದೆ" ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಹುಳುಕು ಹಲ್ಲಿನ ನರದವರೆಗೆ ಹೋಗಿರುವುದರ ಸೂಚನೆಯಾಗಿರಬಹುದು. ವೈದ್ಯರ ಭಾಷೆ ಬೇರೆಯಾಗಿರುವ ಊರಿನಲ್ಲಿ, ಮಗುವಿನ ಮಾತನ್ನು ಪಾಲಕರು ಯಥಾವತ್ತಾಗಿ ತಿಳಿಸಬೇಕು. ನೋವಿನ ಮಾತ್ರೆಯನ್ನಾಗಲಿ ಹೊಗೆಸೊಪ್ಪನ್ನಾಗಲಿ ಒಸಡಿನ ಮೇಲೆ ಇಡಬಾರದು. ಕೆನ್ನೆ ಊದಿಕೊಂಡು ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಳಚಿಬಂದರೆ, ಬೇರಿನ ಭಾಗವನ್ನು ಮುಟ್ಟದೆ ಹಲ್ಲನ್ನು ಹಾಲಿನಲ್ಲಿರಿಸಿ ಆದಷ್ಟು ಬೇಗ, ಒಂದು ಗಂಟೆಯೊಳಗೆ, ದಂತವೈದ್ಯರನ್ನು ತಲುಪಿದರೆ ಅದನ್ನು ಮತ್ತೆ ಕೂಡಿಸುವ ಸಾಧ್ಯತೆಯಿರುತ್ತದೆ.

ಪಾಲಕರು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಿನ್ನೆ ರಾತ್ರಿ ಮಗು ಹಲ್ಲುಜ್ಜಿ ಮಲಗಿತೆ? ಉಜ್ಜಿದ ಮೇಲೆ ಏನನ್ನಾದರೂ ತಿಂದಿತೆ?
2. ಊಟದ ಹೊತ್ತಿನ ಹೊರತು ನಿನ್ನೆ ಎಷ್ಟು ಸಲ ಸಿಹಿ ತಿಂದಿತು?
3. ಮಗುವಿನ ದವಡೆಯ ಹಿಂಬದಿಯನ್ನು ಕೊನೆಯ ಸಲ ಬೆಳಕಿನಲ್ಲಿ ನೋಡಿದ್ದು ಯಾವಾಗ?
4. ರಾತ್ರಿ ಹಲ್ಲುಜ್ಜುವುದನ್ನು ಮಗುವು ಮನೆಯಲ್ಲಿ ಯಾರನ್ನು ನೋಡಿ ಕಲಿಯಬೇಕು?

ಕೊನೆಯ ಪ್ರಶ್ನೆಗೆ ಉತ್ತರ ದೊರೆತರೆ ಉಳಿದವು ಕಠಿಣವಾಗಲಾರವು. "ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ" ಎಂಬ ಗಾದೆಯನ್ನು ಹಿರಿಯರು ಬದುಕಿನ ವಿಪರ್ಯಾಸವನ್ನು ಸೂಚಿಸಲು ಹೇಳಿದರು. ಕಡಲೆಯ ಮಾತು ಹೇಗಾದರೂ ಇರಲಿ, ಹಲ್ಲನ್ನು ಉಳಿಸಿಕೊಡುವುದು ಪಾಲಕರ ಕೈಯಲ್ಲಿದೆ. ಅದಕ್ಕೆ ಇಂದಿನ ರಾತ್ರಿಯೇ ಆರಂಭವಾಗಬಹುದು.