ಹಾಲಿನ ಜೊತೆ ಹೋಗಿ ಕಾರ್ಖಾನೆ ನೋಡಿ
ಸಾಗರ, ಹೊಸನಗರ, ತೀರ್ಥಹಳ್ಳಿಯ ವಾಣಿಜ್ಯ ವಿದ್ಯಾರ್ಥಿಗಳಿಗೆ ಕೈಗಾರಿಕಾ ಭೇಟಿಯ ಮಾರ್ಗದರ್ಶಿ

ಬಿ.ಕಾಂ., ಬಿ.ಬಿ.ಎ. ಓದುವವರಿಗೆ ಕೈಗಾರಿಕಾ ಭೇಟಿ ಹೊಸದಲ್ಲ. ಬೆಳಿಗ್ಗೆ ಬಸ್ಸು ಹತ್ತಿ, ಒಂದು ಗಂಟೆಯಲ್ಲಿ ಕಾರ್ಖಾನೆ ಸುತ್ತಿ, ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು, ಉಳಿದ ಹೊತ್ತನ್ನು ಯಾವುದಾದರೂ ಜಲಪಾತದ ಬಳಿ ಕಳೆದು ಬಂದರೆ ಭೇಟಿ ಮುಗಿಯಿತು. ವರದಿಯಲ್ಲಿ ಕಂಪನಿಯ ಇತಿಹಾಸ ಇರುತ್ತದೆ, ಕೆಲಸ ಹೇಗೆ ನಡೆಯುತ್ತದೆ ಎಂಬುದೇ ಇರುವುದಿಲ್ಲ. ಇದನ್ನು ತಪ್ಪಿಸಲು ನನಗೆ ಗೊತ್ತಿರುವ ದಾರಿ ಒಂದೇ. ಒಂದು ಸರಕನ್ನು ಹಿಡಿದು, ಅದು ಹುಟ್ಟುವಲ್ಲಿಂದ ಮಾರಾಟವಾಗುವವರೆಗೆ ಜೊತೆಗೆ ಹೋಗುವುದು. ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ, ನಿಂತಾಗ ಯಾರ ದುಡ್ಡು ನಿಲ್ಲುತ್ತದೆ ಎಂದು ನೋಡುವುದು.

ನಮ್ಮ ಮೂರೂ ತಾಲ್ಲೂಕಿನವರಿಗೆ ಇದಕ್ಕೆ ಹಾಲಿಗಿಂತ ಒಳ್ಳೆಯ ಸರಕಿಲ್ಲ. ಮನೆಯ ಕೊಟ್ಟಿಗೆಯಲ್ಲಿ ಹೊರಟದ್ದು ಹಳ್ಳಿಯ ಡೇರಿಗೆ, ಅಲ್ಲಿಂದ ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿರುವ ಶಿಮುಲ್ ಡೇರಿಗೆ ಹೋಗಿ, ನಂದಿನಿ ಪ್ಯಾಕೆಟ್ ಆಗಿ ಸಾಗರದ ಅಂಗಡಿಗೇ ವಾಪಸು ಬರುತ್ತದೆ. ಶಿಮುಲ್ ಎಂದರೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟ. ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ: ಈ ಮೂರು ಹಂತದ ವ್ಯವಸ್ಥೆಯನ್ನು ಪುಸ್ತಕದಲ್ಲಿ ಓದುವ ಬದಲು ನಡೆದೇ ನೋಡಬಹುದು.

ಪತ್ರ ಮೊದಲು, ಬಸ್ಸು ಆಮೇಲೆ

ಒಂದು ತಿಂಗಳು ಮುಂಚೆ ಪ್ರಾಂಶುಪಾಲರ ಸಹಿ ಇರುವ ಪತ್ರ ಕಳಿಸಿ. ವಿದ್ಯಾರ್ಥಿಗಳ ಸಂಖ್ಯೆ, ಜೊತೆಗೆ ಬರುವ ಅಧ್ಯಾಪಕರು, ಎರಡು ಪರ್ಯಾಯ ದಿನಾಂಕ ಬರೆಯಿರಿ. ‘ಕಾರ್ಖಾನೆ ತೋರಿಸಿ’ ಎಂದಷ್ಟೇ ಬರೆದರೆ ಎಲ್ಲರಿಗೂ ಕೊಡುವ ಸುತ್ತನ್ನೇ ಕೊಡುತ್ತಾರೆ. ಹಾಲು ಇಳಿಸಿಕೊಳ್ಳುವ ಜಾಗ, ಸಂಸ್ಕರಣೆ, ಪ್ಯಾಕಿಂಗ್, ಶೀತಲ ಕೊಠಡಿ, ವಾಹನ ಲೋಡ್ ಆಗುವ ಜಾಗ ಎಂದು ಹೆಸರಿಸಿ ಕೇಳಿ. ಲೆಕ್ಕಪತ್ರ ಅಥವಾ ಮಾರುಕಟ್ಟೆ ವಿಭಾಗದ ಒಬ್ಬರ ಜೊತೆ ಅರ್ಧ ಗಂಟೆ ಮಾತಿಗೆ ಅವಕಾಶವನ್ನೂ ಕೇಳಿ. ವಾಣಿಜ್ಯ ವಿದ್ಯಾರ್ಥಿಗೆ ಯಂತ್ರ ನೋಡಿದಷ್ಟೇ ಲಾಭ ಆ ಮಾತಿನಲ್ಲಿದೆ. ಪ್ಯಾಕಿಂಗ್ ಯಂತ್ರ ಓಡುವ ಹೊತ್ತು ಯಾವುದೆಂದು ವಿಚಾರಿಸಿಯೇ ಹೊರಡುವ ಸಮಯ ಗೊತ್ತು ಮಾಡಿ. ಒಂದು ತಂಡದಲ್ಲಿ 25 ಜನಕ್ಕಿಂತ ಹೆಚ್ಚು ಬೇಡ. ಹಿಂದೆ ನಿಂತವರಿಗೆ ಯಂತ್ರದ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ.

ಹಿಂದಿನ ವಾರದ ಕೆಲಸ

ಭೇಟಿಗೆ ಮೊದಲು ಪ್ರತಿಯೊಬ್ಬರೂ ಒಂದು ಬೆಳಿಗ್ಗೆ ತಮ್ಮೂರ ಡೇರಿಯಲ್ಲಿ ನಿಲ್ಲಬೇಕು. ಹಾಲು ಹಾಕುವವರು ಎಷ್ಟು ಜನ, ಒಬ್ಬೊಬ್ಬರದು ಎಷ್ಟು ಲೀಟರ್, ಫ್ಯಾಟ್ ನೋಡುವುದು ಹೇಗೆ, ಚೀಟಿಯಲ್ಲಿ ಏನು ಬರೆಯುತ್ತಾರೆ, ವಾಹನ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದುಕೊಳ್ಳಿ. ಮಲೆನಾಡಿನಲ್ಲಿ ಮನೆಗಳು ದೂರ ದೂರ, ಒಂದೊಂದು ಮನೆಯ ಹಾಲು ಕಡಿಮೆ. ಲೀಟರಿಗೆ ಬೀಳುವ ಸಾಗಾಟದ ಖರ್ಚು ಬಯಲುಸೀಮೆಯ ಹಾಗಿರುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ, ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಕಾರ್ಯದರ್ಶಿಯವರನ್ನು ಕೇಳಿ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ ಇನ್ನೊಂದು ಅಧ್ಯಯನ ಕೈಯಲ್ಲೇ ಇದೆ. ಲಾಂಚ್ ಕಾಯುತ್ತಿದ್ದ ಸರಕು 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಎಷ್ಟು ಹೊತ್ತು ಉಳಿಸುತ್ತಿದೆ ಎಂದು ಅಳೆಯಬಹುದು.

ಕಾರ್ಖಾನೆಯೊಳಗೆ

ಬಳೆ, ಉಂಗುರ, ವಾಚು ಮನೆಯಲ್ಲೇ ಇರಲಿ. ಮುಚ್ಚಿದ ಬೂಟು ಹಾಕಿ, ಕೊಟ್ಟ ಟೋಪಿ ತೆಗೆಯಬೇಡಿ. ಶೀತ ಜ್ವರ ಇದ್ದವರು ಆಹಾರ ತಯಾರಾಗುವ ಜಾಗಕ್ಕೆ ಹೋಗಲೇಬಾರದು. ಫೋಟೊಗೆ ಅನುಮತಿ ಕೇಳಿ.

ಹಾಲು ಇಳಿಯುವಲ್ಲಿ ಮೊದಲು ನಿಲ್ಲಿ. ಪರೀಕ್ಷೆ ಮುಗಿಯುವವರೆಗೆ ಟ್ಯಾಂಕರ್ ಖಾಲಿಯಾಗುವುದಿಲ್ಲ. ಗುಣಮಟ್ಟಕ್ಕೂ ವೇಗಕ್ಕೂ ಇರುವ ಜಗ್ಗಾಟ ಅಲ್ಲೇ ಕಾಣುತ್ತದೆ. ಮುಂದೆ ಪಾಶ್ಚರೀಕರಣ: 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಇರಿಸಿ, ಕೂಡಲೇ ಸುಮಾರು 4 ಡಿಗ್ರಿಗೆ ಇಳಿಸುತ್ತಾರೆ. ಕಾದು ಹೊರಬರುವ ಹಾಲಿನ ಬಿಸಿಯಿಂದಲೇ ಒಳಬರುವ ತಣ್ಣನೆಯ ಹಾಲನ್ನು ಕಾಯಿಸುವ ಏರ್ಪಾಡನ್ನು ತಪ್ಪದೆ ನೋಡಿ. ಇಂಧನದ ಬಿಲ್ಲಿನಲ್ಲಿ ದೊಡ್ಡ ಉಳಿತಾಯ ಅದೇ.

ವೆಚ್ಚಲೆಕ್ಕ ಓದುವವರು ಇಲ್ಲಿ ಕಾಗದ ತೆಗೆಯಬೇಕು. ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ 3 ಕೊಬ್ಬು, ಶೇ 8.5 ಕೊಬ್ಬೇತರ ಘನಾಂಶ ಇರಬೇಕು. ಒಳಬಂದ 100 ಕೆ.ಜಿ. ಹಾಲಿನಲ್ಲಿ ಶೇ 4 ಕೊಬ್ಬು ಇದೆ ಎಂದಿಟ್ಟುಕೊಳ್ಳಿ. ಅದನ್ನು ಶೇ 3ಕ್ಕೆ ತರಲು ಶೇ 40 ಕೊಬ್ಬಿನ ಕೆನೆ ತೆಗೆದರೆ, ಸುಮಾರು 2.7 ಕೆ.ಜಿ. ಕೆನೆ ಮತ್ತು 97.3 ಕೆ.ಜಿ. ಹಾಲು ಸಿಗುತ್ತದೆ. ಆ ಕೆನೆ ಬೆಣ್ಣೆಯಾಗುತ್ತದೆ, ತುಪ್ಪವಾಗುತ್ತದೆ. ಹಾಗಾದರೆ ರೈತನಿಗೆ ಕೊಟ್ಟ ಬೆಲೆಯಲ್ಲಿ ಎಷ್ಟನ್ನು ಪ್ಯಾಕೆಟ್ ಹಾಲಿನ ಮೇಲೆ, ಎಷ್ಟನ್ನು ತುಪ್ಪದ ಮೇಲೆ ಹಾಕಬೇಕು? ಜಂಟಿ ಉತ್ಪನ್ನಗಳ ವೆಚ್ಚ ಎಂಬ ಅಧ್ಯಾಯದ ತಿರುಳು ಈ ಪ್ರಶ್ನೆಯಲ್ಲಿದೆ.

ಪ್ಯಾಕಿಂಗ್ ಯಂತ್ರದ ಮುಂದೆ ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ 80 ಪ್ಯಾಕೆಟ್ ಬಂದರೆ ಗಂಟೆಗೆ 4,800 ಆಗಬೇಕು. ಫಿಲ್ಮ್ ರೋಲ್ ಬದಲಿಸಲು, ಸೋರುವ ಪ್ಯಾಕೆಟ್ ತೆಗೆಯಲು 20 ನಿಮಿಷ ಹೋದರೆ ಸಿಗುವುದು 3,200. ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ; ನಿಜವಾದದ್ದನ್ನು ನೀವು ಎಣಿಸಬೇಕು. ಶೀತಲ ಕೊಠಡಿಯಲ್ಲೂ ಹೀಗೆಯೇ: ಒಳಗೆ ಸರಾಸರಿ 1,000 ಕ್ರೇಟ್ ಇದ್ದು, ಗಂಟೆಗೆ 500 ಹೊರಹೋಗುತ್ತಿದ್ದರೆ ಒಂದು ಕ್ರೇಟ್ ಅಲ್ಲಿ ಸರಾಸರಿ 2 ಗಂಟೆ ನಿಲ್ಲುತ್ತದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಇದು. ಆಸ್ಪತ್ರೆಯ ಸಾಲಿಗೂ ಅಡಿಕೆ ಮಂಡಿಯ ಚೀಲಗಳಿಗೂ ಇದೇ ಸೂತ್ರ.

ಕೊನೆಗೆ ಕೇಳಬೇಕಾದವು: ಹಾಲು ಹೆಚ್ಚು ಬರುವ ತಿಂಗಳಲ್ಲಿ ಎಷ್ಟು ಪುಡಿಯಾಗುತ್ತದೆ? ಬೇಸಿಗೆಯಲ್ಲಿ ಮೊಸರು, ಮಜ್ಜಿಗೆಯ ಬೇಡಿಕೆ ಏರಿದಾಗ, ಹಾಲು ಇಳಿದಾಗ ಹೇಗೆ ಸರಿದೂಗಿಸುತ್ತೀರಿ? ಯಂತ್ರ ತೊಳೆಯಲು ದಿನಕ್ಕೆ ಎಷ್ಟು ಹೊತ್ತು, ಎಷ್ಟು ನೀರು? ಗುತ್ತಿಗೆ ಕಾರ್ಮಿಕರು ಎಷ್ಟು? ಕ್ರೇಟ್ ಹೊರುವವರನ್ನೂ ಮಾತನಾಡಿಸಿ, ‘ಅಣ್ಣಾ, ಯಾವ ಹೊತ್ತಿನಲ್ಲಿ ಕೆಲಸ ಹೆಚ್ಚು?’ ಎಂದು ಕೇಳಿ. ಕೆಲಸ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬೇರೆಡೆ ಹೋಗುವವರಿಗೆ

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತನದಲ್ಲಿ ಬೆಳೆದ ಮಹಿಳೆಯರ ಸಹಕಾರಿ ಸಂಸ್ಥೆ ‘ಚರಕ’ ಇದೆ. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಇಲ್ಲಿ ತಯಾರಾಗಿ ‘ದೇಸಿ’ ಮಳಿಗೆಗಳಿಗೆ ಹೋಗುತ್ತದೆ. ಡೇರಿ ನೋಡಿದ ಮೇಲೆ ಇದನ್ನು ನೋಡಿದರೆ, ಕೈ ಕೆಲಸದ ಬೆಲೆಯನ್ನು ಹೇಗೆ ಕಟ್ಟುತ್ತಾರೆ, ಮಳೆಗಾಲದಲ್ಲಿ ನೂಲು ಹೇಗೆ ಒಣಗಿಸುತ್ತಾರೆ ಎಂಬ ಬೇರೆಯೇ ಪ್ರಶ್ನೆಗಳು ಹುಟ್ಟುತ್ತವೆ. ದೂರ ಹೋಗುವುದಾದರೆ ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ 1986ರಲ್ಲಿ ಅದನ್ನು ತೆರೆಯಿತು. ತೀರ್ಥಹಳ್ಳಿಯಿಂದ ಹೊರಡುವವರು ಆಗುಂಬೆ ಘಾಟಿಯಲ್ಲಿ ನಿಮ್ಮ ಬಸ್ಸಿಗೆ ಅವಕಾಶ ಇದೆಯೇ ಎಂದು ಮೊದಲೇ ವಿಚಾರಿಸಿ.

ವಾಪಸು ಬಂದ ಮೇಲೆ

ಮೂರು ದಿನದೊಳಗೆ ವರದಿ ಬರೆಯಿರಿ. ತಡವಾದರೆ ಸಂಖ್ಯೆಗಳು ಕಲಸಿಹೋಗುತ್ತವೆ. ನಾಲ್ಕು ಪುಟ ಸಾಕು: ಸರಕು ಸಾಗಿದ ದಾರಿಯ ನಕ್ಷೆ, ನೀವೇ ಎಣಿಸಿದ ಅಂಕಿಗಳು, ಹೆಚ್ಚು ಹೊತ್ತು ನಿಂತ ಒಂದು ಜಾಗ, ಅದಕ್ಕೆ ನಿಮ್ಮ ಒಂದು ಸಲಹೆ. ಕೇಳದೆ ತಿಳಿದ ಬೆಲೆ, ಗ್ರಾಹಕರ ವಿವರಗಳನ್ನು ಹೊರಗೆ ಹಂಚಬೇಡಿ. ವರದಿಯ ಒಂದು ಪ್ರತಿಯನ್ನು ಕಾರ್ಖಾನೆಗೆ ಕಳಿಸಿ. ಇನ್ನೊಂದನ್ನು ನಿಮ್ಮೂರ ಹಾಲಿನ ಸಂಘಕ್ಕೆ ಕೊಟ್ಟು, ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಓದಲು ಅವಕಾಶ ಕೇಳಿ. ಅಲ್ಲಿ ಕೂತವರು ಹಾಲು ಹಾಕುವವರು. ಅವರ ಹಾಲು ಎಲ್ಲಿಗೆ ಹೋಗಿ ಏನಾಗುತ್ತದೆ ಎಂದು ತಿಳಿಯುವ ಹಕ್ಕು ಅವರಿಗಿದೆ.