ಎತ್ತಿದ ಗಾಡಿ, ಇಳಿಸಿದ ಗಾಳಿ

ಯೂಟಾದಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕುವವರಿಗೆ ಕಂಪನಿ ಕೊಟ್ಟ ಎತ್ತರದಲ್ಲೇ ಉಳಿದ ಗಾಡಿ ಸುಲಭಕ್ಕೆ ಸಿಗುವುದಿಲ್ಲ. ಯಾರೋ ಒಬ್ಬರು ಅದನ್ನು ಮೂರು ಇಂಚೋ ನಾಲ್ಕು ಇಂಚೋ ಮೇಲೆತ್ತಿಸಿ, ದಪ್ಪ ಟೈರು ಹಾಕಿಸಿ, ಒಂದಷ್ಟು ದಿನ ಊರೆಲ್ಲ ಮೆರೆದು, ಸೊಂಟ ಹಿಡಿದುಕೊಂಡ ಮೇಲೆ ಮಾರಿರುತ್ತಾರೆ. ನಾನು ಕೊಂಡ 2012ರ ಟೊಯೋಟಾ ಟಕೋಮಾ ಕೂಡ ಅಂಥದ್ದೇ. ಎಂಜಿನ್ ಚೆನ್ನಾಗಿತ್ತು, ತುಕ್ಕು ಹಿಡಿದಿರಲಿಲ್ಲ, ಬೆಲೆಯೂ ಕೈಗೆಟುಕುವಂತಿತ್ತು. ಆದರೆ ಐ-15 ಹೆದ್ದಾರಿಯ ಕಾಂಕ್ರೀಟ್ ಹಾಸುಗಳ ಒಂದೊಂದು ಜೋಡಣೆಯೂ ಬೆನ್ನುಮೂಳೆಯಲ್ಲಿ ಲೆಕ್ಕ ಸಿಗುವಂತಿತ್ತು. ಲೀಹೈಯಿಂದ ಸಾಲ್ಟ್ ಲೇಕ್ ಸಿಟಿಗೆ ಹೋಗಿ ಬರುವಷ್ಟರಲ್ಲಿ ನನ್ನ ಹೆಂಡತಿ ತೀರ್ಪು ಕೊಟ್ಟಾಗಿತ್ತು: "ನಮ್ಮಜ್ಜಿ ಮನೆ ಎತ್ತಿನ ಗಾಡೀನೇ ಇದಕ್ಕಿಂತ ವಾಸಿ ಕಣ್ರೀ."

ಇಂಥ ಗಾಡಿಯ ಬಗ್ಗೆ ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ "ಶಾಕ್ ಬದಲಿಸಿ." ಒಳ್ಳೆಯ ಶಾಕ್ ಅಬ್ಸಾರ್ಬರ್ ಜೋಡಿಗಳ ಬೆಲೆ ಕೇಳಿದರೆ ಊರಿಗೆ ಒಂದು ಸಲ ವಿಮಾನದಲ್ಲಿ ಹೋಗಿ ಬರಬಹುದು ಅನಿಸುತ್ತದೆ. ಅಷ್ಟು ಸುರಿಯುವ ಮೊದಲು ಒರಟುತನ ಎಲ್ಲಿಂದ ಹುಟ್ಟುತ್ತಿದೆ ಎಂದು ನೋಡೋಣ ಅಂದುಕೊಂಡೆ. ನೋಡುತ್ತ ಹೋದಂತೆ ಅದು ಒಂದು ಕಡೆಯಿಂದ ಬರುತ್ತಿಲ್ಲ ಎಂದು ತಿಳಿಯಿತು. ಟೈರು ಒಂದಿಷ್ಟು, ಮುಂದಿನ ಸ್ಪ್ರಿಂಗ್ ಕೂರಿಸಿದ ರೀತಿ ಒಂದಿಷ್ಟು, ಬುಷ್ ಬಿಗಿದ ರೀತಿ ಒಂದಿಷ್ಟು, ಹಿಂದಿನ ಕಮಾನು ಪಟ್ಟಿ ಬಹಳಷ್ಟು. ಶಾಕಿನ ಪಾಲು ನನ್ನ ಗಾಡಿಯಲ್ಲಂತೂ ಕೊನೆಗೆ ಬಂತು.

ಟೈರಿನಿಂದ ಶುರು ಮಾಡಿದ್ದಕ್ಕೆ ಕಾರಣ ಸರಳ, ಅದಕ್ಕೆ ಕಾಸು ಖರ್ಚಿಲ್ಲ. ಹಳೆಯ ಮಾಲೀಕ ಹಾಕಿಸಿದ್ದು 'ಇ' ಲೋಡ್ ರೇಂಜಿನ ಟೈರು. ಭಾರ ಹೊರುವ ಟ್ರಕ್ಕಿಗೆಂದೇ ಮಾಡಿದ್ದು, ಪಕ್ಕದ ಗೋಡೆ ದಪ್ಪ, 80 ಪಿಎಸ್‌ಐವರೆಗೆ ಗಾಳಿ ತಡೆಯುತ್ತದೆ. ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವ 30ರ ಆಸುಪಾಸಿನ ಅಂಕಿ ಕಂಪನಿಯ ಮೆದು ಟೈರಿಗೆ ಹೇಳಿದ್ದು, ಇದಕ್ಕೆ ಹಾಗೇ ಹೊಂದುವುದಿಲ್ಲ. ಹಾಗೆಂದು ಕೊಂಡಾಗ ಇದ್ದ 50 ಕೂಡ ಖಾಲಿ ಗಾಡಿಗೆ ವಿಪರೀತ. ಟೈರಿನ ಅಗಲಕ್ಕೂ ಸೀಮೆಸುಣ್ಣದಲ್ಲಿ ದಪ್ಪಗೆ ಗೆರೆ ಎಳೆದು, ಪಾರ್ಕಿಂಗ್ ಜಾಗದಲ್ಲಿ ನೆಟ್ಟಗೆ ಸ್ವಲ್ಪ ದೂರ ಓಡಿಸಿದೆ. ನಡುವಿನ ಸುಣ್ಣ ಮಾತ್ರ ಅಳಿಸಿತ್ತು, ಅಂಚಿನದು ಹಾಗೇ ಇತ್ತು. ಅಂದರೆ ಟೈರು ಉಬ್ಬಿ ನಡುವಿನ ಮೇಲೆ ನಿಂತಿದೆ. ಗೆರೆ ಪೂರ್ತಿ ಒಂದೇ ಸಮ ಅಳಿಸುವ ತನಕ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟೆ. ಮುಂದೆ 36, ಹಿಂದೆ 34ಕ್ಕೆ ಬಂದು ನಿಂತಿತು. ಸಣ್ಣಪುಟ್ಟ ಕಟಕಟ ಅರ್ಧ ಕಡಿಮೆಯಾಯಿತು. ಇದನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಯೂಟಾದಂಥ ಕಡೆ ಬೇಸಿಗೆಯ ಲೆಕ್ಕ ಜನವರಿಗೆ ನಡೆಯುವುದಿಲ್ಲ.

ಗಾಳಿ ಸರಿಹೋದ ಮೇಲೂ ವೇಗತಡೆ ಉಬ್ಬು ದಾಟಿದಾಗ ಮುಂಭಾಗದಲ್ಲಿ 'ಟಕ್' ಎಂಬ ಸದ್ದು ಉಳಿದಿತ್ತು. ಪಕ್ಕದ ಮನೆಯಲ್ಲಿ ನಿವೃತ್ತ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ನನ್ನನ್ನು ಉಬ್ಬಿನ ಮೇಲೆ ಮೆಲ್ಲಗೆ ಹೋಗಿ ಬರಲು ಹೇಳಿ, ತಾವು ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಸದ್ದು ಬರುವುದು ಚಕ್ರ ಉಬ್ಬು ಏರುವಾಗಲ್ಲ, ಇಳಿಯುವಾಗ ಅಂದರು. ಕಾಯಿಲೆಯ ಅರ್ಧ ಗುಟ್ಟು ಆ ಒಂದು ಮಾತಿನಲ್ಲಿತ್ತು.

ಚಕ್ರಕ್ಕೆ ಮೇಲೆ ಹೋಗಲು ಜಾಗ ಬೇಕಾದಂತೆ ಕೆಳಗೆ ಇಳಿಯಲೂ ಜಾಗ ಬೇಕು. ಗುಂಡಿ ಬಂದಾಗ ಚಕ್ರ ಗುಂಡಿಯೊಳಗೆ ಇಳಿದರೆ ಗಾಡಿಯ ಮೈ ಮಟ್ಟವಾಗಿ ಉಳಿಯುತ್ತದೆ. ಇಳಿಯಲಾಗದಿದ್ದರೆ ಶಾಕಿನ ಒಳಗಿನ ಪಿಸ್ಟನ್ ಕೊನೆ ಮುಟ್ಟಿ ಬಡಿಯುತ್ತದೆ, ಚಕ್ರದ ಹಿಂದೆ ಇಡೀ ಗಾಡಿ ಕುಸಿಯುತ್ತದೆ. ಎಷ್ಟು ಜಾಗ ಉಳಿದಿದೆ ಎಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಗಾತ್ರವೂ ಗಾಳಿಯೂ ಲೆಕ್ಕದಲ್ಲಿ ಬೆರೆತುಬಿಡುತ್ತವೆ. ಆಮೇಲೆ ಚಾಸಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಜೋತುಬಿದ್ದಾಗ ಮತ್ತೆ ಅಳೆದು ಕಳೆಯುವುದು. ನನ್ನ ಗಾಡಿಯ ಮುಂಭಾಗದಲ್ಲಿ ಬಂದ ಉತ್ತರ ಒಂದೂಕಾಲು ಇಂಚು. ರಸ್ತೆಯ ಮೇಲೆ ನಿಂತಿದ್ದಾಗಲೇ ಶಾಕ್ ಹೆಚ್ಚುಕಡಿಮೆ ಪೂರ್ತಿ ಚಾಚಿಕೊಂಡಿತ್ತು.

ಬಗ್ಗಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಆ ಶಾಕಿನ ಮೈಮೇಲೆ ಕಚ್ಚುಗಳಿವೆ. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಬೇಕಾದ ಕಚ್ಚಿಗೆ ಏರಿಸಿ ಎತ್ತರ ಹೊಂದಿಸಬಹುದು. ಹಳೆಯ ಮಾಲೀಕ ತಟ್ಟೆಯನ್ನು ಅತಿ ಮೇಲಿನ ಕಚ್ಚಿಗೆ ಹಾಕಿಸಿ, ಅದೂ ಸಾಲದು ಎಂದು ಶಾಕಿನ ತಲೆಯ ಮೇಲೆ ಲೋಹದ ಸ್ಪೇಸರ್ ಕೂಡ ಇಡಿಸಿದ್ದ. ಈ ಬಗೆಯ ಸ್ವತಂತ್ರ ಮುಂಗಾಲಿನಲ್ಲಿ ಶಾಕಿನ ಬಳಿ ಸೇರಿಸಿದ ಎತ್ತರ ಚಕ್ರದ ಬಳಿ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಹಾಗಾಗಿ ಅರ್ಧ ಇಂಚು ದಪ್ಪದ ಆ ತುಂಡು ಕೂಡ ಸಣ್ಣದಲ್ಲ. ಎರಡೂ ಸೇರಿ ಮೂರೂವರೆ ಇಂಚಿನ ಲಿಫ್ಟ್.

ಇಲ್ಲೊಂದು ನಂಬಿಕೆ ಎಲ್ಲ ಕಡೆಯೂ ಇದೆ: ಸ್ಪ್ರಿಂಗನ್ನು ಮೊದಲೇ ಅದುಮಿ ಕೂರಿಸಿದರೆ ಅದು ಗಡುಸಾಗುತ್ತದೆ, ಆದ್ದರಿಂದ ಸವಾರಿ ಒರಟು ಎಂದು. ಸುರುಳಿ ಸ್ಪ್ರಿಂಗಿನ ಗಡಸುತನ ಬರುವುದು ಅದರ ಉಕ್ಕಿನಿಂದ, ತಂತಿಯ ದಪ್ಪದಿಂದ, ಸುರುಳಿಯ ಅಗಲದಿಂದ, ಸುತ್ತುಗಳ ಸಂಖ್ಯೆಯಿಂದ. ತಟ್ಟೆಯನ್ನು ಯಾವ ಕಚ್ಚಿಗೆ ಹಾಕಿದರೂ ಒಂದು ಇಂಚು ಕುಗ್ಗಿಸಲು ಬೇಕಾದ ಭಾರ ಅಷ್ಟೇ. ತಟ್ಟೆ ಏರಿಸಿದಾಗ ನಡೆಯುವುದು ಬೇರೆ. ಅದೇ ಸ್ಪ್ರಿಂಗ್, ಅದೇ ಭಾರ, ಆದರೆ ಗಾಡಿ ಮೇಲೆ ನಿಂತಿತು. ಮೇಲೆ ನಿಂತಷ್ಟೂ ಚಕ್ರ ಇಳಿಯುವ ಜಾಗ ಮುಗಿಯಿತು. ನಾವು ಗಡಸು ಎಂದು ದೂರುತ್ತಿರುವುದು ನಿಜವಾಗಿ ಜಾಗದ ಕೊರತೆಯನ್ನು. ಇದು ತಿಳಿಯದೆ ಎಷ್ಟೋ ಜನ ಮೆದು ಸ್ಪ್ರಿಂಗ್ ಕೊಂಡು, ಬೇಕಾದ ಎತ್ತರಕ್ಕೆ ಅದನ್ನು ಇನ್ನೂ ಹೆಚ್ಚು ಅದುಮಿಸಿ, ಮೊದಲಿಗಿಂತ ಕೆಟ್ಟ ಸ್ಥಿತಿಗೆ ತಂದುಕೊಳ್ಳುತ್ತಾರೆ.

ತಲೆಯ ಮೇಲಿನ ಸ್ಪೇಸರ್ ತೆಗೆಸಿದೆ, ತಟ್ಟೆಯನ್ನು ಎರಡು ಕಚ್ಚು ಇಳಿಸಿದೆ. ಶಾಕನ್ನು ಗಾಡಿಯಿಂದ ಬಿಚ್ಚುವ ತನಕ ಮನೆಯಲ್ಲೇ ಮಾಡಿಕೊಂಡು, ಸ್ಪ್ರಿಂಗ್ ಅದುಮಿ ಬಿಡಿಸುವ ಕೆಲಸವನ್ನು ಮಾತ್ರ ಗ್ಯಾರೇಜಿಗೆ ಒಯ್ದೆ. ಅದುಮಿದ ಸ್ಪ್ರಿಂಗ್ ಸಿಡಿದರೆ ಕೈ ಮುರಿದು ಸುಮ್ಮನಾಗುವುದಿಲ್ಲ, ಜೀವಕ್ಕೇ ಸಂಚಕಾರ. ಬಾಡಿಗೆಗೆ ಸಿಗುವ ತೆಳು ಸ್ಪ್ರಿಂಗ್ ಕಂಪ್ರೆಸರ್ ನಂಬಿ ಅಂಗಳದಲ್ಲಿ ಕೂತು ಈ ಕೆಲಸ ಮಾಡುವವರ ಧೈರ್ಯ ನನಗೆ ಬೇಡ. ಲಿಫ್ಟ್ ಒಂದೂವರೆ ಇಂಚಿಗೆ ಇಳಿಯಿತು, ಚಕ್ರ ಇಳಿಯುವ ಜಾಗ ಎರಡು ಇಂಚು ದಾಟಿತು, 'ಟಕ್' ನಿಂತಿತು. ಡ್ರೈವ್ ಶಾಫ್ಟಿನ ಕೀಲುಗಳ ಓರೆ ಕಡಿಮೆಯಾಗಿ ಅವುಗಳ ರಬ್ಬರ್ ಬೂಟುಗಳಿಗೂ ನೆಮ್ಮದಿ. ಆಫೀಸಿನ ಗೆಳೆಯರಲ್ಲಿ ಒಬ್ಬಿಬ್ಬರಿಗೆ ಮಾತ್ರ ಸಮಾಧಾನವಾಗಲಿಲ್ಲ. ಎತ್ತಿದ ಗಾಡಿಯನ್ನು ಇಳಿಸುವುದು ಈ ಸೀಮೆಯಲ್ಲಿ ಮೀಸೆ ಬೋಳಿಸಿಕೊಂಡಷ್ಟೇ ಗಂಭೀರ ವಿಚಾರ.

ಇನ್ನು ಬುಷ್. ಇದನ್ನು ಹೇಳುವವರು ಕಡಿಮೆ. ಮುಂದಿನ ಕಂಟ್ರೋಲ್ ಆರ್ಮುಗಳು ಚಾಸಿಗೆ ಸೇರುವ ಕಡೆ ರಬ್ಬರ್ ಬುಷ್ ಇರುತ್ತದೆ. ಅದರ ಒಳಗಿನ ಉಕ್ಕಿನ ಕೊಳವೆಗೂ ಹೊರ ಚಿಪ್ಪಿಗೂ ರಬ್ಬರ್ ಅಂಟಿಕೊಂಡಿರುವುದರಿಂದ ಅದು ಬೇರಿಂಗಿನಂತೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ ರಬ್ಬರಿಗೆ ಆ ಜೋತುಬಿದ್ದ ಸ್ಥಿತಿಯೇ ವಿಶ್ರಾಂತಿಯ ಸ್ಥಿತಿ. ಗಾಡಿ ನೆಲಕ್ಕೆ ಬಂದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಪ್ರತಿ ಗುಂಡಿಯಲ್ಲೂ ಇನ್ನೊಂದು ಸ್ಪ್ರಿಂಗಿನಂತೆ ಅಡ್ಡಗಾಲು ಹಾಕುತ್ತದೆ, ಬೇಗ ಹರಿಯುತ್ತದೆ. ಗಡಿಬಿಡಿಯ ಲಿಫ್ಟ್ ಕೆಲಸಗಳಲ್ಲಿ ಆಗುವುದೇ ಇದು. ಚಕ್ರಗಳನ್ನು ರ‍್ಯಾಂಪಿನ ಮೇಲೆ ನಿಲ್ಲಿಸಿ, ಗಾಡಿಯ ಭಾರ ಅದರ ಕಾಲಿನ ಮೇಲೆಯೇ ಇರುವಾಗ ಬೋಲ್ಟುಗಳನ್ನು ಸಡಿಲಿಸಿ, ಬಂಪರ್ ಹಿಡಿದು ಕುಲುಕಿ, ಮತ್ತೆ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಸಡಿಲಿಸುವಾಗ ಒಂದು ಬುಷ್ 'ಕಿರ್ರ್' ಎಂದು ತಿರುಗಿ ತನ್ನ ಜಾಗಕ್ಕೆ ಬಂದಿದ್ದು ಕಿವಿಗೇ ಕೇಳಿಸಿತು. ಈ ಬೋಲ್ಟುಗಳೇ ಅಲೈನ್‌ಮೆಂಟನ್ನೂ ಹಿಡಿದಿರುವುದರಿಂದ ಸಡಿಲಿಸುವ ಮೊದಲು ಬಣ್ಣದಲ್ಲಿ ಗುರುತು ಹಾಕಬೇಕು, ಮುಗಿದ ಮೇಲೆ ಹೇಗೂ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಎತ್ತರ ಕಡಿಮೆಯಾದದ್ದರಿಂದ ಕ್ಯಾಸ್ಟರ್ ಕೋನ ಕಂಪನಿಯ ಆರ್ಮುಗಳಲ್ಲೇ ಸಿಕ್ಕಿತು, ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲೆದಾಡುವುದು ನಿಂತಿತು.

ಹಿಂಭಾಗದ ಪಾಠ ಬಂದದ್ದು ತಿಪಟೂರಿನಿಂದ. ನಮ್ಮ ದೊಡ್ಡಪ್ಪ ಕೊಬ್ಬರಿ ಲೋಡಿನ ಲಾರಿ ಇಟ್ಟಿದ್ದವರು. ಕಮಾನು ಪಟ್ಟಿ ಬಿಚ್ಚಿಸಿ, ಕುಲುಮೆಯಲ್ಲಿ ಬಡಿಸಿ, ಬಾಗು ಕೊಡಿಸಿ ಮತ್ತೆ ಕಟ್ಟಿಸುವುದನ್ನು ಎಷ್ಟೋ ಸಲ ಮುಂದೆ ನಿಂತು ಮಾಡಿಸಿದವರು. ವಿಡಿಯೋ ಕಾಲಿನಲ್ಲಿ ಫೋನನ್ನು ಗಾಡಿಯ ಕೆಳಗೆ ತೂರಿಸಿ ತೋರಿಸಿದೆ.

"ಅದೇನು ನಡುವೆ ಒಂದು ಪಟ್ಟಿ ಅಷ್ಟು ದಪ್ಪ, ಗಿಡ್ಡ? ಲೋಡ್ ಎಷ್ಟು ಹೊಡೀತೀಯ ಮಗ?"

"ಲೋಡ್ ಏನಿಲ್ಲ ದೊಡ್ಡಪ್ಪ. ಟೆಂಟು, ಎರಡು ಸೈಕಲ್ಲು, ನೀರಿನ ಕ್ಯಾನು."

"ಮತ್ತೆ ಅದ್ಯಾಕೆ ಅಲ್ಲಿ? ಖಾಲಿ ಲಾರಿ ಹ್ಯಾಗೆ ಕುಣೀತಿತ್ತು ಗೊತ್ತಲ್ಲ ನಿನಗೆ. ಭಾರ ಬಿದ್ರೆ ತಾನೇ ಪಟ್ಟಿ ಮಲಗೋದು. ಬಿಚ್ಚಾಕು ಅದನ್ನ."

ಕಂಪನಿಯ ಕಟ್ಟಿನಲ್ಲಿ ಮೂರು ಪಟ್ಟಿ, ಅವುಗಳ ಕೆಳಗೆ ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಇನ್ನೊಂದು ದಪ್ಪ ಪಟ್ಟಿ. ಹಿಂಭಾಗ ಎತ್ತಲು ಅಗ್ಗದ ದಾರಿ ಎಂದರೆ ನಡುವೆ ಮತ್ತೊಂದು ಬಾಗಿದ ಪಟ್ಟಿ ತೂರಿಸುವುದು. ಗಾಡಿ ಏರುವುದೇನೋ ನಿಜ. ಆದರೆ ಇಲ್ಲಿ ಮುಂದಿನ ಸುರುಳಿಯಂತಲ್ಲ, ಗಡಸುತನವೇ ಹೆಚ್ಚುತ್ತದೆ, ಟೆಂಟಿನ ಭಾರಕ್ಕೆ ಅದು ಬಾಗುವ ಮಾತೇ ಇಲ್ಲ. ದೊಡ್ಡಪ್ಪ ಹೇಳಿದಂತೆ ಬಿಚ್ಚಿದರೆ ಸಾಲದು ಎಂಬುದೂ ಗೊತ್ತಾಯಿತು. ಹಳೆಯ ಪಟ್ಟಿಗಳು ಬಾಗು ಕಳೆದುಕೊಂಡು ನೆಟ್ಟಗಾಗಿದ್ದವು. ಪೂರ್ತಿ ಹೊಸ ಕಟ್ಟನ್ನೇ ತಂದೆ. ಇದರಲ್ಲಿ ಪಟ್ಟಿಗಳು ಹೆಚ್ಚು, ಆದರೆ ತೆಳು ಮತ್ತು ಉದ್ದ. ತುದಿಗಳಲ್ಲಿ ಉಜ್ಜಾಟ ತಪ್ಪಿಸುವ ಪ್ಯಾಡ್. ಇಂಥ ಕಟ್ಟುಗಳನ್ನು ಹಗುರ, ಮಧ್ಯಮ, ಭಾರ ಎಂದು ಹೊರೆಯ ಪ್ರಕಾರ ಮಾರುತ್ತಾರೆ. ಅಂಗಡಿಯವನು ಮಧ್ಯಮ ತಗೊಳ್ಳಿ, ಮುಂದೆ ಬೇಕಾಗಬಹುದು ಅಂದ. ಮುಂದೆ ಬೇಕಾಗಬಹುದು ಎಂಬ ಈ ಮಾತಿನಿಂದಲೇ ಅಮೆರಿಕದ ಅರ್ಧ ಪಿಕಪ್ಪುಗಳು ಖಾಲಿ ಕುಣಿಯುತ್ತಿವೆ ಎಂಬುದು ನನ್ನ ಗುಮಾನಿ. ಹಗುರದ್ದನ್ನೇ ಕೊಂಡೆ.

ಕಟ್ಟು ಕೂರಿಸುವಾಗ ಶ್ಯಾಕಲ್ ಕಡೆ ಕಣ್ಣಿರಬೇಕು. ಕಮಾನು ಮಲಗಿದಾಗ ಉದ್ದವಾಗುತ್ತದೆ, ಆ ಉದ್ದಕ್ಕೆ ಎಡೆ ಮಾಡಿಕೊಡುವುದು ಹಿಂದಿನ ಶ್ಯಾಕಲ್. ಅದರ ಕೆಳತುದಿ ಹಿಂದಕ್ಕೆ ವಾಲಿದ್ದರೆ ಸಲೀಸು. ವಿಪರೀತ ಬಾಗಿನ ಪಟ್ಟಿ ಅದನ್ನು ಮುಂದಕ್ಕೆ ಎಳೆದಿದ್ದರೆ ಕಮಾನು ಮಲಗಲು ಒದ್ದಾಡುತ್ತದೆ, ಯಾವ ಶಾಕ್ ಹಾಕಿದರೂ ಒದೆತ ತಪ್ಪುವುದಿಲ್ಲ. ಯು-ಬೋಲ್ಟುಗಳನ್ನು ಹೊಸದೇ ಹಾಕಬೇಕು, ಒಮ್ಮೆ ಬಿಗಿದವು ಎಳೆದುಕೊಂಡಿರುತ್ತವೆ. ಕೆಲವು ನೂರು ಮೈಲಿ ಓಡಿದ ಮೇಲೆ ಅವನ್ನು ಇನ್ನೊಮ್ಮೆ ಬಿಗಿಯಬೇಕು. ಶ್ಯಾಕಲಿನ ಬೋಲ್ಟುಗಳಿಗೂ ಬುಷ್ ನಿಯಮವೇ: ಭಾರ ಕಾಲಿನ ಮೇಲಿರುವಾಗ ಮಾತ್ರ ಕೊನೆಯ ಬಿಗಿತ. ಇದೇ ಹೊತ್ತಿಗೆ ಹಿಂದಿನ ಎಡಗಡೆಯ ಶಾಕ್ ಎಣ್ಣೆ ಸೋರುತ್ತಿರುವುದು ಕಂಡಿತು. ಹಿಂದಿನ ಜೋಡಿಯನ್ನು ಬದಲಿಸಿದೆ. ದುಬಾರಿಯದ್ದಲ್ಲ, ಹೊಸ ಎತ್ತರಕ್ಕೆ ಉದ್ದ ಹೊಂದುವಂಥದ್ದು. ಮುಂದಿನವು ಹಳೆಯವೇ ಇವೆ.

ಇಷ್ಟೆಲ್ಲ ಆದ ಮೇಲೆ ಎಸ್ಕಲಾಂಟೆ ಊರಿನ ಆಚೆಯ ಹೋಲ್-ಇನ್-ದ-ರಾಕ್ ರಸ್ತೆಗೆ ಹೋದೆವು. 1879-80ರಲ್ಲಿ ಮಾರ್ಮನ್ ಕುಟುಂಬಗಳು ಕೊಲರಾಡೊ ನದಿ ದಾಟಲು ವ್ಯಾಗನ್ ಹೊಡೆದುಕೊಂಡು ಹೋದ ದಾರಿ. ಅರವತ್ತು ಮೈಲಿಗೂ ಹೆಚ್ಚು ಮಣ್ಣು, ಉದ್ದಕ್ಕೂ ಅಡ್ಡಡ್ಡ ಏರಿಳಿತ. ಮಣ್ಣು ರಸ್ತೆಯಲ್ಲಿ ಈ ಏರಿಳಿತ ಏಕೆ ಮೂಡುತ್ತದೆ ಎಂದು 2007ರಲ್ಲಿ ಭೌತವಿಜ್ಞಾನಿಗಳು ತಿರುಗುವ ಮರಳಿನ ತಟ್ಟೆಯ ಮೇಲೆ ಚಕ್ರ ಓಡಿಸಿ ಪರೀಕ್ಷಿಸಿದ್ದರು. ಒಂದು ವೇಗ ದಾಟಿದರೆ ಸ್ಪ್ರಿಂಗ್ ಇಲ್ಲದ ಚಕ್ರವೂ, ಬರೀ ಎಳೆದ ಹಲಗೆಯೂ ಅಲೆ ಎಬ್ಬಿಸುತ್ತವೆ ಎಂದು ಕಂಡುಕೊಂಡರು. ಅಂದರೆ ಲೋಕದ ಗಾಡಿಗಳೆಲ್ಲ ಮೆತ್ತಗಾದರೂ ಈ ರಸ್ತೆ ಮೆತ್ತಗಾಗದು. ಮಣ್ಣು ಶುರುವಾಗುವ ಕಡೆ ನಿಲ್ಲಿಸಿ ಟೈರುಗಳನ್ನು 20 ಪಿಎಸ್‌ಐಗೆ ಇಳಿಸಿದೆ. ಹಾಗೆ ಇಳಿಸಿದಾಗ ವೇಗವನ್ನೂ ಇಳಿಸಬೇಕು, ಜೋರು ತಿರುವು ಕೂಡದು, ಡಾಂಬರು ಸೇರುವ ಮೊದಲು ಮತ್ತೆ ತುಂಬಬೇಕು. ಅದಕ್ಕೆ ಬ್ಯಾಟರಿಗೆ ಕಚ್ಚಿಸುವ ಪುಟ್ಟ ಕಂಪ್ರೆಸರ್ ಹಿಂದೆ ಇದೆ. ಡ್ಯಾನ್ಸ್ ಹಾಲ್ ರಾಕ್ ತಲುಪುವ ತನಕ ಹೆಂಡತಿ ಒಂದು ಸಲವೂ ಮೇಲಿನ ಹಿಡಿ ಹಿಡಿಯಲಿಲ್ಲ.

ಕಾರಿನ ಹಾಗೆ ಆಗಿದೆಯೇ ಎಂದು ಕೇಳಿದರೆ ಇಲ್ಲ. ಹಿಂದೆ ಕಮಾನು ಪಟ್ಟಿ ಇರುವ ಖಾಲಿ ಪಿಕಪ್ ಎಂದೂ ಕಾರಾಗುವುದಿಲ್ಲ. ರ‍್ಯಾಮ್ 1500 ತನ್ನ 2009ರ ಮಾದರಿಯಲ್ಲೇ ಹಿಂದಕ್ಕೆ ಸುರುಳಿ ಸ್ಪ್ರಿಂಗ್ ತಂದಿತು. ಟಕೋಮಾ ಕೂಡ 2024ರಲ್ಲಿ ಹೆಚ್ಚಿನ ಮಾದರಿಗಳಿಗೆ ಅದನ್ನೇ ಕೊಟ್ಟಿತು. ಷೋರೂಮಿನಲ್ಲಿ ಹೊಸದನ್ನು ಓಡಿಸಿ ನೋಡಿದ್ದೇನೆ, ಹಿಂಭಾಗ ನನ್ನದಕ್ಕಿಂತ ನಿಜಕ್ಕೂ ಮೆದು. ಬೆಲೆ ಕೇಳಿ ಬಂದವನು ಯು-ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಾಕಿ ನೋಡಿದೆ. ಎರಡು ಸ್ವಲ್ಪ ಸಡಿಲವಿದ್ದವು.