ಗೆಳೆಯರ ಗುಂಪು: ಒಂದು ಕೂಟದ ಇತಿಹಾಸ, ನಮಗೊಂದು ಪಾಠ

ಹಾಲಿವುಡ್ ಸಿನಿಮಾದಾಗ ಅಮೆರಿಕದ ಕಾಲೇಜುಗಳ 'ಫ್ರಟರ್ನಿಟಿ' ನೋಡಿರ್ತೀರಿ. ಗ್ರೀಕ್ ಅಕ್ಷರದ ಹೆಸರು, ದೊಡ್ಡ ಮನೆ, ರಾತ್ರಿಯೆಲ್ಲ ಪಾರ್ಟಿ. ಸಿಗ್ಮಾ ಅಂದ್ರ ನಮಗ ಸಮ್ಮೇಷನ್ ಅಷ್ಟೇ ನೆನಪಾಗ್ತದ, ಅದು ಬೇರೆ ಮಾತು! ಆದರೆ ಇಂಥ ಸಂಘಗಳಲ್ಲಿ ಮೊದಲನೆಯದಾದ 'ಫೈ ಬೀಟಾ ಕಪ್ಪಾ' 1776ರಲ್ಲಿ ವರ್ಜೀನಿಯಾದ ಒಂದು ಕಾಲೇಜಿನಲ್ಲಿ ಹುಟ್ಟಿದ್ದು ಪಾರ್ಟಿಗಲ್ಲ. ಐದು ಮಂದಿ ವಿದ್ಯಾರ್ಥಿಗಳು ಸೇರಿ ಚರ್ಚೆ ಮಾಡಲಿಕ್ಕೆ, ಪ್ರಬಂಧ ಓದಲಿಕ್ಕೆ ಕಟ್ಟಿಕೊಂಡ ಕೂಟ ಅದು.

ನಮ್ಮ ಭಾಗದಲ್ಲಿ ಹಂಗೇನಾದರೂ ಇತ್ತಾ? ಇತ್ತು. ಹತ್ತರಗಿಯಿಂದ ಹೆದ್ದಾರಿ ಹಿಡಿದು ಬೆಳಗಾವಿ ದಾಟಿ ಮುಂದೆ ಹೋದರೆ ಸಿಗುವ ಧಾರವಾಡದಲ್ಲಿ, ಸುಮಾರು ನೂರು ವರ್ಷದ ಹಿಂದೆ.

ಶುರುವಾದದ್ದು ಹೇಗೆ?

1922ರ ಹೊತ್ತಿಗೆ ದ.ರಾ. ಬೇಂದ್ರೆ ಪುಣೆಯಲ್ಲಿ ಬಿ.ಎ. ಮುಗಿಸಿ ಬಂದು ಧಾರವಾಡದಲ್ಲಿ ಶಾಲೆಯ ಮಾಸ್ತರರಾಗಿದ್ದರು. ತಮ್ಮ ಸುತ್ತ ಸೇರಿದ ಓರಗೆಯವರನ್ನು ಕೂಡಿಸಿ ಒಂದು ಕೂಟ ಕಟ್ಟಿದರು. ಹೆಸರು 'ಗೆಳೆಯರ ಗುಂಪು'. ಗ್ರೀಕ್ ಇಲ್ಲ, ಸಂಸ್ಕೃತವೂ ಇಲ್ಲ, ಮನೆಮಾತಿನ ಹೆಸರು. ಶಂ.ಬಾ. ಜೋಶಿ, ಎನ್ಕೆ, ಸಿದವನಹಳ್ಳಿ ಕೃಷ್ಣಶರ್ಮ, ಜಿ.ಬಿ. ಜೋಶಿ, ರಂ.ಶ್ರೀ. ಮುಗಳಿ ಮುಂತಾದವರು ಇದರೊಳಗೆ ಬಂದರು. ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದ ವಿ.ಕೃ. ಗೋಕಾಕರು ವಿದ್ಯಾರ್ಥಿಯಾಗಿದ್ದಾಗಲೇ ಬೇಂದ್ರೆಯವರ ಹತ್ತಿರ ಬಂದರು. (ಹೆಸರಿನಲ್ಲಿ ಗೋಕಾಕ ಇದ್ದರೂ ಹುಟ್ಟಿದ್ದು ಸವಣೂರಿನಲ್ಲಿ, ಕ್ವಿಝ್‌ನಲ್ಲಿ ತಪ್ಪಬ್ಯಾಡ್ರಿ!)

ನಿಜವಾಗಿ ನಮ್ಮ ಕಡೆಯವರು ಅಂದರೆ ಬೆಟಗೇರಿ ಕೃಷ್ಣಶರ್ಮರು. 1900ರಲ್ಲಿ ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ ಹುಟ್ಟಿದವರು, 'ಆನಂದಕಂದ' ಅವರ ಕಾವ್ಯನಾಮ. ನಾವು ಮನೆಯಲ್ಲಿ ಆಡಿ, ಕ್ಲಾಸಿನಲ್ಲಿ ಮುಚ್ಚಿಡುವ ಈ ಸೀಮೆಯ ಮಾತನ್ನೇ ಅವರು ಕವಿತೆಗೆ ತಂದರು, ಜನಪದ ಹಾಡುಗಳನ್ನು ಕೂಡಿಹಾಕಿದರು. ಮುಂದೆ 'ಜಯಂತಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು.

ಮಾಡಿದ್ದೇನು?

ಆಗ ಬೆಳಗಾವಿ, ಧಾರವಾಡ ಎಲ್ಲ ಮುಂಬಯಿ ಪ್ರಾಂತದಲ್ಲಿದ್ದವು. ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಗುಂಪು ಬರೀ ಕವಿತೆ ಓದಿ ಚಹಾ ಕುಡಿದು ಎದ್ದು ಹೋಗಲಿಲ್ಲ. 1926ರಲ್ಲಿ ಬೇಂದ್ರೆಯವರು ನಾಡಹಬ್ಬ ಶುರು ಮಾಡಿದರು. ನವರಾತ್ರಿಯ ದಿನಗಳು ನಾಡು-ನುಡಿಯ ಹಬ್ಬವೂ ಆದವು. ಗುಂಪಿನ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ತೆಗೆದರು. ಅದು ಇವತ್ತಿಗೂ ಪುಸ್ತಕ ತರುತ್ತಿದೆ.

ತೆತ್ತ ಬೆಲೆ

1932ರಲ್ಲಿ 'ನರಬಲಿ' ಎಂಬ ಕವಿತೆಗಾಗಿ ಬ್ರಿಟಿಷ್ ಸರಕಾರ ಬೇಂದ್ರೆಯವರ ಮೇಲೆ ರಾಜದ್ರೋಹದ ಆಪಾದನೆ ಹೊರಿಸಿ ಜೈಲಿಗೆ ಹಾಕಿತು. ಆಮೇಲೆ ಧಾರವಾಡದ ಹತ್ತಿರದ ಮುಗದ ಊರಲ್ಲಿ ನಜರಬಂದಿ. ಗಟ್ಟಿಯಾದ ನೌಕರಿಯಿಲ್ಲದೆ ವರ್ಷಗಟ್ಟಲೆ ಕಳೆದರು. ಕೊನೆಗೆ 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಹೋದರು. ಅಷ್ಟರಲ್ಲಿ ಗೆಳೆಯರೂ ಒಬ್ಬೊಬ್ಬರು ಒಂದೊಂದು ಊರು ಸೇರಿದ್ದರು, ಗುಂಪು ಚೆದುರಿತು.

ಹಾಗಾದರೆ ಸೋತಿತೇ? ಲೆಕ್ಕ ಹಾಕಿ ನೋಡೋಣ. 1973ರಲ್ಲಿ ಬೇಂದ್ರೆಯವರಿಗೆ, 1990ರಲ್ಲಿ ಗೋಕಾಕರಿಗೆ ಜ್ಞಾನಪೀಠ. ಒಂದೇ ಕೂಟದಿಂದ ಎರಡು! ಆದರೆ ಪ್ರಶಸ್ತಿಗಿಂತ ದೊಡ್ಡದೊಂದಿದೆ: ಗುಂಪು ಹೋದರೂ ಗುಂಪಿನ ಕೆಲಸ ಉಳಿಯಿತು.

ನಮ್ಮ ಮಾತು

ಈಗ ನಮ್ಮ ಬಳಗದ ಕಡೆ ತಿರುಗೋಣ. ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರು ಮಂದಿ ಇದ್ದೀವಿ. ನವೆಂಬರ್ ಒಂದಕ್ಕೆ ಶಾಲು, ಬಾವುಟ, ಡಿಜೆ. ಡಿಸೆಂಬರ್ ಸಭೆಗೆ ಬಂದವರು ಏಳು ಮಂದಿ. ಅದರಲ್ಲಿ ಇಬ್ಬರು ಲ್ಯಾಬ್ ರೆಕಾರ್ಡ್ ಬರೀಲಿಕ್ಕೆ ಕೂತಿದ್ದರು! ಹಿರಿಯರು ಪಾಸಾಗಿ ಹೋದ ವರ್ಷ ಬಳಗ ಮುಚ್ಚಿದರೆ, ನಾವು ಉಳಿಸಿ ಹೋಗಿದ್ದೇನು? ಬರೀ ಫೋಟೋ.

ಗೆಳೆಯರ ಗುಂಪಿನಿಂದ ನಾವು ಮೂರು ಸಂಗತಿ ಕಲಿಯಬಹುದು ಅನಿಸುತ್ತೆ.

1. ಸಂಖ್ಯೆ ಮುಖ್ಯ ಅಲ್ಲ. ಐದು ಮಂದಿಯೂ ಸಾಕು, ಏಳು ಮಂದಿಯೂ ಸಾಕು. ತಪ್ಪದೆ ಕೂಡಬೇಕು.
2. ಮಾತಿನ ಜೊತೆ ಒಂದು ಕೆಲಸ ಇರಬೇಕು: ಹಬ್ಬ, ಪತ್ರಿಕೆ, ಪುಸ್ತಕ, ಏನಾದರೂ ಒಂದು.
3. ಮಾಸ್ತರ, ವಿದ್ಯಾರ್ಥಿ ಅಂತ ಗೆರೆ ಬೇಡ. ಬೇಂದ್ರೆಗೂ ಗೋಕಾಕರಿಗೂ ಹದಿಮೂರು ವರ್ಷದ ಅಂತರ. ಫಸ್ಟ್ ಇಯರಿನವರೇ, ಹೆದರಬ್ಯಾಡ್ರಿ, ಬರ್ರಿ.

ಈ ಸಲದ ಮನೆಗೆಲಸ ಇಷ್ಟೇ. ರಜೆಗೆ ಹತ್ತರಗಿ, ಹುಕ್ಕೇರಿ, ಮೂಡಲಗಿ, ಗೋಕಾಕ, ಯಾವ ಊರಿಗೆ ಹೋದರೂ ಅಜ್ಜಿಯ ಹತ್ತಿರ ಕೂತು ಒಂದು ಬೀಸುವ ಹಾಡನ್ನೋ ಸೋಬಾನೆಯನ್ನೋ ಬರೆದುಕೊಂಡು ಬನ್ನಿ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಆದೀತು. ಯಾರು ಹಾಡಿದ್ದು, ಯಾವ ಊರು, ಇಷ್ಟನ್ನು ಮರೀದೆ ಬರೆಯಿರಿ. ಆನಂದಕಂದರು ಶುರು ಮಾಡಿದ ಕೆಲಸ ಇನ್ನೂ ಮುಗಿದಿಲ್ಲ. ಅಜ್ಜಿಯಂದಿರು ಮಾತ್ರ ನಮ್ಮ ಸೆಮಿಸ್ಟರ್ ಮುಗಿಯಲಿ ಅಂತ ಕಾಯುವುದಿಲ್ಲ.